ಕಪ್ ಗೆದ್ದು ಬಂದವರು ಯಾರು?

ಅಮೆರಿಕದ ಕೆಂಟಕಿ ರಾಜ್ಯಕ್ಕೆ ವೃತ್ತಿಪರ ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ ತಂಡವಿಲ್ಲ, ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ ತಂಡವೂ ಇಲ್ಲ. ಅಲ್ಲಿಯ ಜನ ಜೀವ ಇಟ್ಟುಕೊಂಡಿರುವುದು ಕಾಲೇಜು ಬ್ಯಾಸ್ಕೆಟ್‌ಬಾಲಿನ ಮೇಲೆ. ಲೆಕ್ಸಿಂಗ್ಟನ್ನಿನಲ್ಲಿರುವ ಕೆಂಟಕಿ ವಿಶ್ವವಿದ್ಯಾಲಯದ ಪುರುಷರ ತಂಡ ಎಂಟು ಸಲ ಎನ್‌ಸಿಎಎ, ಅಂದರೆ ಕಾಲೇಜುಗಳ ರಾಷ್ಟ್ರಮಟ್ಟದ, ಚಾಂಪಿಯನ್ ಆಗಿದೆ. ಅದರ ಮನೆಯಂಗಳವಾದ ರಪ್ ಅರೀನಾದಲ್ಲಿ ಇಪ್ಪತ್ತು ಸಾವಿರ ಜನ ಕೂರುತ್ತಾರೆ. ಆ ತಂಡದ ಕೋಚ್ ಜಾನ್ ಕ್ಯಾಲಿಪಾರಿ ಹದಿನೈದು ವರ್ಷ ಇದ್ದು, 2024ರ ಏಪ್ರಿಲ್ ಎರಡನೇ ವಾರದಲ್ಲಿ ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು. ಮುಂದಿನವರು ಯಾರು ಎನ್ನುವ ಮಾತು ಬಿಟ್ಟು ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಏಪ್ರಿಲ್ 11ರ ಗುರುವಾರ ರಾತ್ರಿ ಲೆಕ್ಸಿಂಗ್ಟನ್ನಿನ ಒಂದು ಕನ್ನಡದ ಮನೆಯಲ್ಲಿ ನಡೆದ ಮಾತು ಇದು. ಒಬ್ಬರು ಎಂಬತ್ತರ ದಶಕದಲ್ಲಿ ಅಲ್ಲಿಗೆ ಬಂದು, ವಿಶ್ವವಿದ್ಯಾಲಯದ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತರಾದ ದೊಡ್ಡಮ್ಮ. ಇನ್ನೊಬ್ಬ ಅವರ ತಂಗಿಯ ಮಗ, ಅಲ್ಲೇ ಎಂ.ಎಸ್. ಮುಗಿಸಿ ಅಲ್ಲೇ ಕೆಲಸಕ್ಕೆ ಸೇರಿದವನು.

ಹುಡುಗ: ಡ್ರೂನೂ ಬರಲ್ವಂತೆ ದೊಡ್ಡಮ್ಮ. ಬೇಲರ್ ಟೀಮಲ್ಲೇ ಇರ್ತಾನಂತೆ. ಯುಕಾನ್‌ನ ಹರ್ಲಿ ಆಯ್ತು, ಅಲಬಾಮದ ಓಟ್ಸ್ ಆಯ್ತು, ಈಗ ಇವನು. ಕೆಂಟಕಿ ಕರೆದ್ರೆ ಯಾರಾದ್ರೂ ಎದ್ದು ಬರ್ತಾರೆ ಅನ್ನೋ ಕಾಲ ಹೋಯ್ತು.

ದೊಡ್ಡಮ್ಮ: ಆ ಕಾಲ ಯಾವಾಗ ಇತ್ತೋ? 2007ರಲ್ಲಿ ಕೋಚ್ ಟಬಿ ಸ್ಮಿತ್ ಹೋದಾಗ ಊರಿಗೆ ಊರೇ ಬಿಲ್ಲಿ ಡಾನವನ್ ಬರ್ಲಿ ಅಂತು. ಇಲ್ಲೇ ಐದು ವರ್ಷ ಆಗಿನ ಕೋಚ್ ಪಿಟೀನೊ ಕೈಕೆಳಗೆ ಕೆಲಸ ಕಲಿತವನು. ಫ್ಲಾರಿಡಾ ಬಿಟ್ಟು ಅಲ್ಲಾಡಲಿಲ್ಲ. ಬರೋರು ಬರ್ತಾರೆ, ಬರದೋರು ಬರಲ್ಲ. ನೀನು ಊಟ ಮಾಡು ಮೊದಲು.

ಹುಡುಗ: ಊಟ ಸೇರ್ತಾ ಇಲ್ಲ. ಹರ್ಲಿ ಸೋಮವಾರ ಪರ್ಡ್ಯೂನ 75-60ಕ್ಕೆ ಹೊಡೆದ. ಎರಡು ವರ್ಷ, ಎರಡು ಕಪ್. ಅಂಥವನಿಗೆ ಖಾಲಿ ಚೆಕ್ ಕೊಡಬೇಕಾಗಿತ್ತು, ನೀನೇ ಬರ್ಕೋ ಅಂತ. ಆಗಲಿಲ್ವಾ, ಡಾನವನ್‌ಗೆ ಕಾಯಬೇಕು. ಅವನ ಶಿಕಾಗೊ ಬುಲ್ಸ್ ಸೀಸನ್ ಮುಗಿಯೋಕೆ ಇನ್ನೆಷ್ಟು ದಿನ? 2006, 2007 ಎರಡೂ ಕಪ್ ಅವನದ್ದೇ. ಕಪ್ ಗೆದ್ದಿರೋನೇ ಬೇಕು ದೊಡ್ಡಮ್ಮ. ಇಲ್ಲಿ ಬಂದು ಕಲಿಯೋರು ಬೇಡ.

ದೊಡ್ಡಮ್ಮ: ಒಂದು ಕೇಳ್ತೀನಿ, ಯೋಚನೆ ಮಾಡಿ ಹೇಳು. ನಮ್ಮ ಎಂಟು ಕಪ್ಪನ್ನ ಗೆದ್ದುಕೊಟ್ಟೋರು ಐದು ಜನ. ರಪ್ ನಾಲ್ಕು, ಜೋ ಹಾಲ್ ಒಂದು, ಪಿಟೀನೊ ಒಂದು, ಟಬಿ ಒಂದು, ಕ್ಯಾಲಿಪಾರಿ ಒಂದು. ಇವರಲ್ಲಿ ಇಲ್ಲಿಗೆ ಬರೋ ಮುಂಚೆ ಎನ್‌ಸಿಎಎ ಕಪ್ ಗೆದ್ದಿದ್ದೋರು ಎಷ್ಟು ಜನ?

ಹುಡುಗ: ಪಿಟೀನೊ ಗೆದ್ದಿರ್ಲಿಲ್ವಾ? ಇಲ್ಲ, ಪ್ರಾವಿಡೆನ್ಸ್‌ನ 1987ರಲ್ಲಿ ಫೈನಲ್ ಫೋರ್‌ಗೆ ಕರ್ಕೊಂಡು ಹೋಗಿದ್ದ, ಅಷ್ಟೆ. ಕ್ಯಾಲ್ ಮೆಂಫಿಸ್‌ನಲ್ಲಿ ಫೈನಲ್ ಸೋತ.

ದೊಡ್ಡಮ್ಮ: ಒಬ್ಬರೂ ಇಲ್ಲ ಕಣೋ. ರಪ್ 1930ರಲ್ಲಿ ಬಂದಾಗ ಇಲಿನಾಯ್ ರಾಜ್ಯದ ಫ್ರೀಪೋರ್ಟ್ ಅನ್ನೋ ಊರಲ್ಲಿ ಹೈಸ್ಕೂಲ್ ಕೋಚು. ಎನ್‌ಸಿಎಎ ಟೂರ್ನಿ ಅನ್ನೋದೇ ಆಗ ಹುಟ್ಟಿರಲಿಲ್ಲ, ಬಿಡು. ಜೋ ಹಾಲ್ ರಪ್ ಹತ್ರ ಅಸಿಸ್ಟೆಂಟ್ ಆಗಿದ್ದೋನು. ಟಬಿ ಜಾರ್ಜಿಯಾದಿಂದ ಬಂದ. ಐದಕ್ಕೆ ಐದೂ ಜನ ಕಪ್ ಇಲ್ಲದೆ ಬಂದು ಇಲ್ಲಿ ಗೆದ್ದೋರು.

ಹುಡುಗ: ಅದು ಕಾಕತಾಳೀಯ.

ದೊಡ್ಡಮ್ಮ: ಸರಿ, ಕಾಕತಾಳೀಯ ಅಂತಲೇ ಇಟ್ಕೋ. ನಿನ್ನ ಹರ್ಲಿ? 2018ರಲ್ಲಿ ಯುಕಾನ್ ಅವನನ್ನ ತಗೊಂಡಾಗ ರೋಡ್ ಐಲೆಂಡ್‌ನಲ್ಲಿದ್ದ. ಡ್ರೂ? 2003ರಲ್ಲಿ ಬೇಲರ್‌ಗೆ ಹೋದಾಗ ಹೆಡ್ ಕೋಚ್ ಆಗಿ ಒಂದೇ ಸೀಸನ್ ಅನುಭವ, ವಾಲ್ಪರೈಸೊದಲ್ಲಿ. ಆಗ ಬೇಲರ್‌ನಲ್ಲಿ ಒಬ್ಬ ಆಟಗಾರನ ಕೊಲೆಯಾಗಿ, ಅದರ ಸುತ್ತ ಹಗರಣವಾಗಿ, ಟೀಮೇ ಚೂರಾಗಿತ್ತು. ಅಲ್ಲಿಂದ ಕಟ್ಟಿ 2021ರಲ್ಲಿ ಕಪ್ ತಂದ. ಹದಿನೆಂಟು ವರ್ಷ. ಅವರು ಯಾರೂ ಗೆದ್ದಿರೋನನ್ನ ಕೊಂಡು ತಂದಿಲ್ಲ. ಗೆಲ್ಲೋನನ್ನ ಗೆಲ್ಲೋಕೆ ಮುಂಚೆ ಗುರುತಿಸಿದ್ರು. ನಾವು ಮಾತ್ರ ಬೇರೆಯವರ ಅಂಗಳದಲ್ಲಿ ಬೆಳೆದದ್ದಕ್ಕೆ ಕೈ ಚಾಚ್ತೀವಿ.

ಹುಡುಗ: ಅವರಿಗೆ ಹದಿನೆಂಟು ವರ್ಷ ಕಾಯೋಕೆ ಆಗ್ತಿತ್ತು. ಇಲ್ಲಿ ಯಾರು ಕಾಯ್ತಾರೆ? ನೀವು ತಾಳ್ಮೆ ಅಂತೀರ, ಗೊತ್ತು. ತಾಳ್ಮೆ ತೋರಿಸಿದ್ದಕ್ಕೆ ಏನಾಯ್ತು ನೋಡಿ. 2019ರಲ್ಲಿ ಕ್ಯಾಲ್‌ಗೆ ಬದುಕಿರೋ ತನಕ ಇರು ಅನ್ನೋ ಹಾಗೆ ಕರಾರು ಬರೆದುಕೊಟ್ರು. ಆಮೇಲೆ ಟೂರ್ನಿಯಲ್ಲಿ ಗೆದ್ದದ್ದು ಒಂದೇ ಒಂದು ಮ್ಯಾಚು. 2021ರಲ್ಲಿ 9 ಗೆಲುವು, 16 ಸೋಲು. 2022ರಲ್ಲಿ ಸೇಂಟ್ ಪೀಟರ್ಸ್, ಹದಿನೈದನೇ ಶ್ರೇಯಾಂಕದ ಟೀಮು, ನಮ್ಮನ್ನ ಮನೆಗೆ ಕಳಿಸ್ತು. ಈ ಸಲ ಓಕ್‌ಲೆಂಡ್. ಅದು ಹದಿನಾಲ್ಕು. ತೆಗೀಬೇಕು ಅಂದ್ರೆ ಮೂರು ಕೋಟಿ ಮೂವತ್ತು ಲಕ್ಷ ಡಾಲರಿಗೂ ಮೇಲೆ ಕೊಡಬೇಕಿತ್ತು. ಅವನಾಗಿ ಹೋದ, ಬಚಾವಾದ್ವಿ.

ದೊಡ್ಡಮ್ಮ: ಆ ಕರಾರು ಬರೆದದ್ದು ತಪ್ಪೇ. ಅದರಲ್ಲಿ ನಂಗೂ ನಿಂಗೂ ಜಗಳ ಇಲ್ಲ. ಆದ್ರೆ ಅದನ್ನ ತಾಳ್ಮೆ ಅನ್ನಬೇಡ. ತಾಳ್ಮೆ ಅಂದ್ರೆ ಕೆಲಸ ನೋಡ್ತಾ ಕಾಯೋದು. ಇವರು ನೋಡೋದನ್ನೇ ಬಿಟ್ಟಿದ್ರು. ಮತ್ತೆ ಕ್ಯಾಲಿಪಾರಿ ಬಗ್ಗೆ ಅಷ್ಟು ಹಗುರವಾಗಿ ಮಾತಾಡಬೇಡ. 2012ರ ಟೀಮು ನಾನು ನೋಡಿದ ಅತ್ಯುತ್ತಮ ಟೀಮುಗಳಲ್ಲಿ ಒಂದು. 2015ರಲ್ಲಿ 38 ಮ್ಯಾಚು ಒಂದೂ ಸೋಲದೆ ಗೆದ್ದು ವಿಸ್ಕಾನ್ಸಿನ್ ಎದುರು ಬಿತ್ತು. ಪ್ರವಾಹ ಬಂದಾಗ, ಸುಂಟರಗಾಳಿ ಬಂದಾಗ ದುಡ್ಡು ಎತ್ತೋಕೆ ಮುಂದೆ ನಿಂತೋನು ಅವನೇ. ಹೋದವನು ಹೋದ ಅಂತ ಮಾಡಿದ್ದನ್ನ ಅಳಿಸಬಾರದು.

ಹುಡುಗ: ನಾನು ಓಕ್‌ಲೆಂಡ್ ಮ್ಯಾಚು ಮರೆಯಕ್ಕಾಗಲ್ಲ ದೊಡ್ಡಮ್ಮ.

ದೊಡ್ಡಮ್ಮ: ನಾನೂ ಮರೆತಿಲ್ಲ. ಅದನ್ನೇ ಹಿಡಿದು ಮಾತಾಡೋಣ ಬಾ. ಜ್ಯಾಕ್ ಗೋಲ್ಕಿ ಹತ್ತು ತ್ರೀ ಹಾಕ್ದ, ಮೂರರ ಗೆರೆ ಆಚೆಯಿಂದ. ಸ್ಕ್ರೀನ್ ಸುತ್ತಿಕೊಂಡು ಓಡಿ ಬರ್ತಿದ್ದ, ಚೆಂಡು ಕೈಗೆ ಬಿದ್ದ ಕ್ಷಣಕ್ಕೆ ಎಸೀತಿದ್ದ, ನಮ್ಮ ಹುಡುಗರು ಒಂದು ಹೆಜ್ಜೆ ಹಿಂದೆ. ಮೊದಲ ಸಲ ಅಲ್ಲ, ಮೂರನೇ ಸಲ ಅಲ್ಲ, ಎಂಟನೇ ಸಲಾನೂ ಹಿಂದೆ. ಆ ಸೀಸನ್ನಿನಲ್ಲಿ ಅವನು ಎಸೆದದ್ದೆಲ್ಲ ಹೆಚ್ಚುಕಡಿಮೆ ತ್ರೀಗಳೇ. ಅವನು ಏನು ಮಾಡ್ತಾನೆ ಅನ್ನೋದು ಗುಟ್ಟಾಗಿರಲಿಲ್ಲ. ಅವನು ಎಲ್ಲಿಂದ ಬಂದವನು ಗೊತ್ತಾ?

ಹುಡುಗ: ಹಿಲ್ಸ್‌ಡೇಲ್. ಡಿವಿಜನ್ ಎರಡು.

ದೊಡ್ಡಮ್ಮ: ನಮ್ಮ ಬೆಂಚಲ್ಲಿ ಎನ್‌ಬಿಎ ಕಣ್ಣಿಟ್ಟಿರೋ ಹುಡುಗರು ಸಾಲಾಗಿ ಕೂತಿದ್ರು. ಅವರ ಕಡೆ ಕಾಲೇಜು ಬಿಡೋ ವಯಸ್ಸಿನವನು, ಕೆಳಗಿನ ದರ್ಜೆಯಿಂದ ಬಂದವನು, ಒಂದೇ ಕೆಲಸ ಬಲ್ಲವನು. ಓಕ್‌ಲೆಂಡ್ ಕೋಚ್ ಗ್ರೆಗ್ ಕ್ಯಾಂಪಿ 1984ರಿಂದ ಅಲ್ಲೇ ಇದ್ದಾನೆ. ಆ ಒಂದು ಕೆಲಸಕ್ಕೆ ಬೇಕಾದ ಆಟ ಕಟ್ಟಿಕೊಟ್ಟ. ಈಗಿನ ಕಾಲಕ್ಕೆ ಕೋಚ್ ಅಂದ್ರೆ ಅದು. ಹದಿನೆಂಟರ ಐದು ಜನ ಪ್ರತಿಭಾವಂತರನ್ನ ಒಟ್ಟು ಹಾಕಿದ್ರೆ ಸಾಕು ಅಂತಿದ್ದದ್ದು 2012ಕ್ಕೆ ಸರಿ. ಈಗ ಎದುರಿಗೆ ಇಪ್ಪತ್ಮೂರು, ಇಪ್ಪತ್ನಾಲ್ಕು ವರ್ಷದೋರು ಬಂದು ನಿಲ್ತಾರೆ. ಕೊರೊನಾ ವರ್ಷದ್ದು ಒಂದು ಸೀಸನ್ ಹೆಚ್ಚಿಗೆ ಸಿಕ್ಕಿದೆ, ಕಾಲೇಜು ಬದಲಿಸೋರ ಪೋರ್ಟಲ್ ಬಂದಿದೆ. ಯಾರು ಯಾವ ಕಾಲೇಜಿಗೆ ಬೇಕಾದ್ರೂ ಹೋಗಬಹುದು, ಒಂದು ವರ್ಷ ಸುಮ್ನೆ ಕೂರಬೇಕು ಅನ್ನೋ ಹಳೇ ಕಟ್ಟು ಇಲ್ಲ.

ಹುಡುಗ: ಅದಕ್ಕೇ ನಾನೂ ಹೇಳೋದು, ದೊಡ್ಡ ಹೆಸರಿನ ಕೋಚ್ ಬೇಕು ಅಂತ. ದುಡ್ಡು ತರೋದು ಹೆಸರು. 2021ರ ಜುಲೈಯಿಂದ ಹುಡುಗರು ತಮ್ಮ ಹೆಸರು, ಮುಖ ಮಾರಿ ಸಂಪಾದಿಸಬಹುದು. ದಾನಿಗಳು ಜೇಬಿಂದ ತೆಗೀಬೇಕಾದ್ರೆ ಕೋಚ್ ಮುಖ ನೋಡಿ ತೆಗೀತಾರೆ.

ದೊಡ್ಡಮ್ಮ: ದುಡ್ಡಿಗೆ ಕೆಂಟಕಿ ಅನ್ನೋ ಹೆಸರು ಸಾಕು. ಆ ದುಡ್ಡನ್ನ ಯಾವ ಹುಡುಗನ ಮೇಲೆ ಹಾಕಬೇಕು ಅನ್ನೋ ಕಣ್ಣು ಬೇಕು. ಪೋರ್ಟಲ್ ಮೇ ಒಂದಕ್ಕೆ ಮುಚ್ಚುತ್ತೆ. ಇವತ್ತು ಹನ್ನೊಂದು. ಬರೋನು ಬಂದ ದಿನವೇ ಫೋನ್ ಹಿಡೀಬೇಕು. ಮೂರು ವಾರದಲ್ಲಿ ಟೀಮು ಕಟ್ಟಬೇಕು. ನೀನು ಬುಲ್ಸ್ ಸೀಸನ್ ಮುಗೀಲಿ ಅಂತ ಕೂರೋಕೆ ಹೊರಟಿದ್ದೀಯ!

ಇಲ್ಲಿ ಮಾತು ನಿಂತಿತು. ಹುಡುಗನ ಫೋನಿಗೆ ಸುದ್ದಿ ಬಂದಿತ್ತು. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ, ಎಲ್ಲರೂ ಬಿವೈಯು ಎನ್ನುವ ತಂಡದ ಕೋಚ್ ಮಾರ್ಕ್ ಪೋಪ್ ಜೊತೆ ಕೆಂಟಕಿಯ ಮಾತುಕತೆ ಮುಗಿಯುವ ಹಂತದಲ್ಲಿದೆ ಎಂದು.

ಹುಡುಗ: ಪೋಪ್? ಮಾರ್ಕ್ ಪೋಪಾ? ಎನ್‌ಸಿಎಎ ಟೂರ್ನಿಯಲ್ಲಿ ಒಂದು ಮ್ಯಾಚೂ ಗೆದ್ದಿಲ್ಲ ಅವನು! ಒಂದೂ! ಮೂರು ವಾರದ ಹಿಂದೆ ಡುಕೇನ್ ಎದುರು ಸೋತ. ನಾವು ಹರ್ಲಿ ಅಂತ ಶುರು ಮಾಡಿ ಇಲ್ಲಿಗೆ ಬಂದು ನಿಂತ್ವಾ?

ದೊಡ್ಡಮ್ಮ: ಮೆಲ್ಲಗೆ. ಪಕ್ಕದ ಮನೆಯೋರು ಮಲಗಿದ್ದಾರೆ.

ಹುಡುಗ: ಅವರೂ ಮಲಗಿರಲ್ಲ ಬಿಡಿ, ಇದನ್ನೇ ಓದ್ತಿರ್ತಾರೆ. ನೀವು ಖುಷಿಯಾಗಿದ್ದೀರ ಅಲ್ವಾ? 1996ರ ಕ್ಯಾಪ್ಟನ್ ಅಂತ. ನಮ್ಮ ಹುಡುಗ ಅಂತ.

ದೊಡ್ಡಮ್ಮ: ಖುಷಿ ಆಯ್ತು, ಯಾಕೆ ಸುಳ್ಳು ಹೇಳಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯ ಬಿಟ್ಟು ಇಲ್ಲಿಗೆ ಬಂದೋನು. ಆ ಟೀಮಲ್ಲಿ ಎನ್‌ಬಿಎಗೆ ಹೋಗೋ ಹುಡುಗರು ತುಂಬಿದ್ರು, ಒಬ್ಬೊಬ್ಬನಿಗೂ ಅವನವನ ಆಟ. ಅಂಥವರ ಮಧ್ಯೆ ಕ್ಯಾಪ್ಟನ್ ಆಗಿದ್ದ. ಆ ವರ್ಷ ಸೆಮಿಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನ? ಕ್ಯಾಲಿಪಾರಿಯ ಮ್ಯಾಸಚೂಸೆಟ್ಸ್ ಟೀಮನ್ನ. ಆದ್ರೆ ಜೆರ್ಸಿ ನೋಡಿ ಕೆಲಸ ಕೊಡಬಾರದು. ಹಳೇ ಆಟಗಾರ ಅನ್ನೋದೊಂದೇ ಕಾರಣ ಆಗಿದ್ರೆ ನಾನೇ ಬೇಡ ಅಂತಿದ್ದೆ.

ಹುಡುಗ: ಬೇರೆ ಕಾರಣ ಏನಿದೆ?

ದೊಡ್ಡಮ್ಮ: ಈ ವರ್ಷ ಬಿವೈಯು ಬಿಗ್ 12 ಲೀಗಿಗೆ ಮೊದಲ ಸಲ ಸೇರ್ತು. ಹದಿಮೂರನೇ ಜಾಗ ಅಂತ ಕೋಚ್‌ಗಳು ಷರಾ ಬರೆದಿದ್ರು. ಹತ್ತು ಗೆದ್ರು, ಎಂಟು ಸೋತ್ರು. ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಅದರ ಮನೆಯಲ್ಲೇ, ಆಲೆನ್ ಫೀಲ್ಡ್‌ಹೌಸ್‌ನಲ್ಲೇ ಸೋಲಿಸಿದ್ರು. ಅಲ್ಲಿ ಹೋಗಿ ಗೆದ್ದು ಬರೋದು ಅಂದ್ರೇನು ಅಂತ ನಿಂಗೆ ಹೇಳಬೇಕಾಗಿಲ್ಲ. ಅದೂ ಎಂಥ ಕಾಲೇಜು? ಮಾರ್ಮನ್ ಚರ್ಚಿಂದು. ಕಾಫಿ ಕುಡಿಯೋ ಹಾಗಿಲ್ಲ, ಬಿಯರ್ ಮುಟ್ಟೋ ಹಾಗಿಲ್ಲ, ನಡತೆಗೆಲ್ಲ ಕಟ್ಟುನಿಟ್ಟು. ಅಲ್ಲಿಗೆ ಬರ್ತೀನಿ ಅನ್ನೋ ಹುಡುಗರೇ ಕಡಿಮೆ. ಇದ್ದವರಿಗೆ ಎಸೆಯೋದು ಕಲಿಸಿದ. ಅವರ ಎಸೆತಗಳಲ್ಲಿ ಹತ್ತಿರ ಹತ್ತಿರ ಅರ್ಧ ಮೂರರ ಗೆರೆ ಆಚೆಯಿಂದ. ಐದೂ ಜನ ಹೊರಗೆ ನಿಂತು ಎಸೀಬಲ್ಲರು ಅಂದ್ರೆ ಎದುರಾಳಿ ಬುಟ್ಟಿ ಕೆಳಗೆ ಗುಂಪು ಕಟ್ಟೋಕಾಗಲ್ಲ. ಓಕ್‌ಲೆಂಡ್ ನಮಗೆ ಮಾಡಿದ್ದನ್ನ ಇವನು ಇಡೀ ಸೀಸನ್ ಮಾಡಿಸಿದ್ದಾನೆ.

ಹುಡುಗ: ಗೆರೆ ಆಚೆಯಿಂದ ಎಸೆದು ಎಸೆದು ಡುಕೇನ್ ಎದುರು ಬೀಳಲಿಲ್ವಾ? ಒಂದು ರಾತ್ರಿ ಕೈ ಕೂಡಿಬರದಿದ್ರೆ ಕಥೆ ಮುಗೀತು. ಮಾರ್ಚ್ ತಿಂಗಳಲ್ಲಿ ಬೇಕಾಗೋದು ಡಿಫೆನ್ಸು. ಹರ್ಲಿ ಟೀಮ್ ನೋಡಿ, ಎಸೆತ ಬೀಳದ ದಿನಾನೂ ಗೆಲ್ಲುತ್ತೆ.

ದೊಡ್ಡಮ್ಮ: ಅದು ನ್ಯಾಯವಾದ ಮಾತು. ಪೋಪ್ ಮೇಲೆ ನಂಗಿರೋ ಅನುಮಾನಾನೂ ಅದೇ. ಅವನ ಡಿಫೆನ್ಸ್ ಹೇಗಿರುತ್ತೆ ಅಂತ ಇಲ್ಲಿ ನೋಡಬೇಕು. ಆದ್ರೆ ನೀನು ಟೂರ್ನಿ ಗೆಲುವು ಒಂದನ್ನೇ ಹಿಡ್ಕೊಂಡಿದ್ದೀಯ. ಒಂದು ಸೋಲಿಗೆ ಮನೆಗೆ ಕಳಿಸೋ ಟೂರ್ನಿ ಅದು. ನಲವತ್ತು ನಿಮಿಷದ ಮೇಲೆ ಒಬ್ಬನ ಕೆಲಸ ಪೂರ್ತಿ ಅಳೆಯೋಕಾಗಲ್ಲ, ನಾಲ್ಕು ತಿಂಗಳಿನ ಮೇಲೆ ಅಳೀಬಹುದು. ಪಿಟೀನೊ ಬಂದ ವರ್ಷ ನಾನಿಲ್ಲೇ ಇದ್ದೆ. ನೀನಿನ್ನೂ ಹುಟ್ಟಿರಲಿಲ್ಲ.

ಹುಡುಗ: 14-14 ಕಥೆ ತಾನೇ?

ದೊಡ್ಡಮ್ಮ: ಪೂರ್ತಿ ಕೇಳಿದ್ದೀಯಾ? ಎಡ್ಡಿ ಸಟನ್ 1985ರಲ್ಲಿ ಅರ್ಕನ್ಸಾದಿಂದ ಇಲ್ಲಿಗೆ ಬಂದ. ಈಗ ಕ್ಯಾಲಿಪಾರಿ ಹೋಗಿರೋ ಅದೇ ಅರ್ಕನ್ಸಾ. ಹೆಸರುವಾಸಿ ಕೋಚು, ಫೈನಲ್ ಫೋರ್ ಕಂಡವನು, ಎಲ್ಲರೂ ಒಪ್ಪಿದ ಆಯ್ಕೆ. 1988ರಲ್ಲಿ ಒಂದು ಕೊರಿಯರ್ ಕವರ್ ದಾರಿಯಲ್ಲಿ ಬಿಚ್ಚಿಕೊಳ್ತು. ಒಳಗೆ ಸಾವಿರ ಡಾಲರ್ ನಗದು, ಇಲ್ಲಿಗೆ ಸೇರಬೇಕಿದ್ದ ಒಬ್ಬ ಆಟಗಾರನ ತಂದೆ ಹೆಸರಿಗೆ. ವಿಚಾರಣೆ ಆಯ್ತು. ಸಟನ್ 1989ರ ಮಾರ್ಚ್‌ನಲ್ಲಿ ರಾಜೀನಾಮೆ ಕೊಟ್ಟ. ಎರಡು ವರ್ಷ ಟೂರ್ನಿಗೆ ಹೋಗೋ ಹಾಗಿಲ್ಲ, ಒಂದು ವರ್ಷ ಟೀವಿಯಲ್ಲಿ ನೇರಪ್ರಸಾರವೂ ಇಲ್ಲ ಅಂತ ಎನ್‌ಸಿಎಎ ಶಿಕ್ಷೆ ಹಾಕ್ತು. ಒಳ್ಳೊಳ್ಳೆ ಹುಡುಗರು ಬಿಟ್ಟುಹೋದ್ರು. ಪಿಟೀನೊ ನ್ಯೂಯಾರ್ಕ್ ನಿಕ್ಸ್ ಬಿಟ್ಟು ಬಂದಾಗ ಕೈಯಲ್ಲಿ ಇದ್ದದ್ದು ಎಂಟು ಸ್ಕಾಲರ್‌ಶಿಪ್ ಹುಡುಗರು.

ಆ ಚಳಿಗಾಲ ನಾವು ಮ್ಯಾಚುಗಳನ್ನ ರೇಡಿಯೊದಲ್ಲಿ ಕೇಳಿದ್ವಿ. ಕಾವುಡ್ ಲೆಡ್‌ಫರ್ಡ್ ಅಂತ, ಅವರ ದನಿ ಕೇಳ್ತಾ ಇದ್ರೆ ಚೆಂಡು ಎಡಗಡೆ ಇದೆಯೋ ಬಲಗಡೆ ಇದೆಯೋ ಕಣ್ಣಿಗೆ ಕಾಣೋದು. ಅಡುಗೆಮನೆ ಕಿಟಕಿಯಲ್ಲಿ ಟ್ರಾನ್ಸಿಸ್ಟರ್ ಇಟ್ಟು, ಏರಿಯಲ್ ಹಿಡಿದುಕೊಂಡು ನಿಮ್ಮ ದೊಡ್ಡಪ್ಪ ನಿಂತಿರೋರು. ಫೆಬ್ರವರಿಯಲ್ಲಿ ಎಲ್‌ಎಸ್‌ಯು ಬಂತು. ಶಕೀಲ್ ಓನೀಲ್ ಇದ್ದ ಟೀಮು, ಕ್ರಿಸ್ ಜಾಕ್ಸನ್ ಒಬ್ಬನೇ 41 ಪಾಯಿಂಟ್ ಹೊಡೆದ. ನಮ್ಮ ಕಡೆ ಏಳಡಿ ಆಳು ಒಬ್ಬನೂ ಇಲ್ಲ. ಓಡ್ತಾ, ಒತ್ತಿ ಹಿಡೀತಾ, ಗೆರೆ ಆಚೆಯಿಂದ ಎಸೀತಾ 100-95ಕ್ಕೆ ಗೆದ್ರು. ವರ್ಷದ ಕೊನೆಗೆ ಲೆಕ್ಕ 14 ಗೆಲುವು, 14 ಸೋಲು. ಊರಲ್ಲಿ ಒಬ್ಬರೂ ಬೈಲಿಲ್ಲ. ಯಾಕೆ ಅಂದ್ರೆ ಕಣ್ಣಿಗೆ ಕಾಣ್ತಿತ್ತು, ಏನೋ ಕಟ್ತಿದ್ದಾನೆ ಅಂತ.

ಹುಡುಗ: ಆ ಎಂಟರಲ್ಲಿ ಉಳಿದ ನಾಲ್ಕು ಜನರ ಜೆರ್ಸಿಗಳು ತಾನೆ ಈಗ ಅರೀನಾ ಮೇಲ್ಛಾವಣಿಯಲ್ಲಿ ತೂಗೋದು?

ದೊಡ್ಡಮ್ಮ: ಅವರದ್ದೇ. ಫಾರ್ಮರ್, ಫೆಲ್ಡ್‌ಹೌಸ್, ಪೆಲ್ಫ್ರಿ, ವುಡ್ಸ್. ಕಪ್ ಗೆಲ್ಲಲಿಲ್ಲ ಅವರು. 1992ರಲ್ಲಿ ಡ್ಯೂಕ್ ಎದುರು ಎಕ್ಸ್‌ಟ್ರಾ ಟೈಮಿನಲ್ಲಿ 104-103ಕ್ಕೆ ಸೋತ್ರು, ಲೇಟ್ನರ್ ಕೊನೇ ಎಸೆತಕ್ಕೆ. ಆದ್ರೂ ಈ ಊರು ಅವರನ್ನ ಮೇಲೆ ತೂಗುಹಾಕ್ತು. ಇದೇ ಊರು, ಕಪ್ ಕಪ್ ಅಂತ ಬಾಯಿ ಬಡ್ಕೊಳ್ಳೋ ಊರು. ಆ ಪಿಟೀನೊನೇ 1990ರಲ್ಲಿ ಬರ್ನಡೆಟ್ ಲಾಕ್ ಅನ್ನೋ ಹೆಂಗಸನ್ನ ಗಂಡಸರ ಟೀಮಿಗೆ ಅಸಿಸ್ಟೆಂಟ್ ಕೋಚ್ ಮಾಡಿದ. ಆಗ ಅಂಥದ್ದನ್ನ ಯಾರೂ ಮಾಡ್ತಿರಲಿಲ್ಲ. ಮೈಸೂರಲ್ಲಿ ಸಿಮೆಂಟ್ ಕೋರ್ಟಿನ ಮೇಲೆ ಕಾಲೇಜು ಟೀಮಿಗೆ ಆಡಿದವಳು ನಾನು. ಟೀವಿಯಲ್ಲಿ ಅವಳು ಬೆಂಚ್ ಮೇಲೆ ಕೂತದ್ದು ನೋಡಿದ ದಿನದಿಂದ ಇದು ನನ್ನ ಟೀಮು. ಹೊಸದು ಮಾಡೋ ಧೈರ್ಯ ಇರೋ ಕೋಚ್ ಬೇಕು ಅಂತ ನಾನು ಅನ್ನೋದು ಇಂಥದ್ದಕ್ಕೆ.

ಹುಡುಗ: ಪಿಟೀನೊ ಅಷ್ಟು ದೊಡ್ಡವನಾದ್ದರಿಂದ ನಡೀತು ದೊಡ್ಡಮ್ಮ. ಪೋಪ್ 14-14 ಮಾಡಿದ್ರೆ ಈ ಜನ ಸುಮ್ಮನಿರ್ತಾರಾ?

ದೊಡ್ಡಮ್ಮ: ಅದನ್ನೇ ನಾನೂ ಕೇಳ್ತಿದ್ದೀನಿ. ಈ ಜನ ಅಂದ್ರೆ ಯಾರು? ನೀನು, ನಾನು. ಟಬಿಗೆ ಏನು ಮಾಡಿದ್ವಿ ನೆನಪಿದೆಯಾ? ಈ ಅರೀನಾಕ್ಕೆ ರಪ್ ಹೆಸರು. 1966ರ ಫೈನಲ್‌ನಲ್ಲಿ ಟೆಕ್ಸಸ್ ವೆಸ್ಟರ್ನ್ ಐದು ಜನ ಕಪ್ಪು ಹುಡುಗರನ್ನ ಇಳಿಸಿ ರಪ್‌ನ ಬರೀ ಬಿಳಿಯರ ಟೀಮನ್ನ ಸೋಲಿಸ್ತು. ಅದಾದ ಮೇಲೂ 1969ರ ತನಕ ಕೆಂಟಕಿ ಒಬ್ಬ ಕಪ್ಪು ಆಟಗಾರನನ್ನ ಸೇರಿಸಿಕೊಳ್ಳಲಿಲ್ಲ. ಅಂಥ ಜಾಗದಲ್ಲಿ 1997ರಲ್ಲಿ ಟಬಿ ಸ್ಮಿತ್ ಮೊದಲ ಕಪ್ಪು ಹೆಡ್ ಕೋಚ್ ಆಗಿ ಬಂದ. ಬಂದ ವರ್ಷವೇ ಕಪ್ ತಂದ. ಹತ್ತು ವರ್ಷದಲ್ಲಿ 263 ಮ್ಯಾಚು ಗೆದ್ದ. ಅದು ಸಾಲದೆ, ಹತ್ತು ಸೋಲಿನ ಟಬಿ ಅಂತ ಅಡ್ಡಹೆಸರಿಟ್ಟು ಆಡಿಕೊಂಡ್ರು. ಮಿನೆಸೋಟಾಗೆ ಹೋದ. ಯಾರಿಗೋಸ್ಕರ? ಬಿಲ್ಲಿ ಗಿಲಿಸ್ಪಿಗೋಸ್ಕರ! ಆ ದಿನ ನಂಗೆ ಈ ಊರಿನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಹುಡುಗ: ಟಬಿ ವಿಷಯದಲ್ಲಿ ನಿಮ್ಮ ಮಾತು ಒಪ್ತೀನಿ. ಆದ್ರೆ ನಾನು ಕೇಳ್ತಿರೋದು ಬೇರೆ. ಅವತ್ತು ಹುಡುಗರು ನಾಲ್ಕು ವರ್ಷ ಇರ್ತಿದ್ರು, ಕಟ್ತಿದ್ದಾನೆ ಅಂತ ಕಾಯಬಹುದಿತ್ತು. ಈಗ ಕಟ್ಟಿದ್ದು ಮುಂದಿನ ಏಪ್ರಿಲ್‌ಗೆ ಖಾಲಿ. ಪ್ರತಿ ವರ್ಷ ಮೊದಲಿಂದ ಶುರು. ಹಾಗಿದ್ಮೇಲೆ ಯಾವುದಕ್ಕೆ ಕಾಯೋದು? ರೀಡ್ ಶೆಪರ್ಡ್ ಇದ್ದಾನೆ, ನಮ್ಮ ಕೆಂಟಕಿಯದ್ದೇ ಲಂಡನ್ ಅನ್ನೋ ಊರಿನ ಹುಡುಗ, ಅಪ್ಪ ಅಮ್ಮ ಇಬ್ಬರೂ ಇಲ್ಲೇ ಆಡಿದೋರು. ಅಂಥವನೇ ಇನ್ನೊಂದು ವರ್ಷ ಇರ್ತಾನಾ ಇಲ್ವಾ ಗೊತ್ತಿಲ್ಲ.

ದೊಡ್ಡಮ್ಮ ಇದಕ್ಕೆ ಕೂಡಲೇ ಉತ್ತರ ಕೊಡಲಿಲ್ಲ. ಅಂದು ರಾತ್ರಿ ಆಡಿದ ಮಾತುಗಳಲ್ಲಿ ಹುಡುಗ ಎತ್ತಿದ ಅತ್ಯಂತ ಗಟ್ಟಿಯಾದ ಪ್ರಶ್ನೆ ಇದೇ ಎಂದು ನನಗೂ ಅನ್ನಿಸುತ್ತದೆ. ಕಾಲೇಜು ಆಟವನ್ನು ಪ್ರೀತಿಸುವವರೆಲ್ಲ ಈಗ ಇದನ್ನು ಎದುರಿಸಲೇಬೇಕು.

ದೊಡ್ಡಮ್ಮ: ಆಟಗಾರರು ಬದಲಾಗ್ತಾರೆ, ಆಟ ಬದಲಾಗಬೇಕಾಗಿಲ್ಲ. ಈ ಕೋಚ್ ಹತ್ರ ಹೋದ್ರೆ ನಾನು ಹೀಗೆ ಆಡ್ತೀನಿ, ನನ್ನ ಎಸೆತ ಸುಧಾರಿಸುತ್ತೆ ಅಂತ ಹುಡುಗನಿಗೆ ಗೊತ್ತಿದ್ರೆ, ಪೋರ್ಟಲ್‌ನಿಂದ ಬರೋನು ಅದನ್ನ ನೋಡಿ ಬರ್ತಾನೆ. ಅದಕ್ಕೆ ಕಾಯಬೇಕು ನಾವು. ಎರಡನೇ ವರ್ಷ ಹೊಸ ಹುಡುಗರು ಬಂದ್ರೂ ಆಟ ಅದೇ ಥರ ಕಾಣ್ತಿದ್ಯಾ, ಇನ್ನೂ ಚೆನ್ನಾಗಿ ಕಾಣ್ತಿದ್ಯಾ ಅಂತ. ಪೋಪ್ ಡಾಕ್ಟರ್ ಓದೋಕೆ ಕೊಲಂಬಿಯಾ ಸೇರಿ, ಅದನ್ನ ಬಿಟ್ಟು ಜಾರ್ಜಿಯಾದಲ್ಲಿ ಕೆಳಗಿನ ಮೆಟ್ಟಿಲಿಂದ ಶುರು ಮಾಡಿದೋನು. ಯುಟಾ ವ್ಯಾಲಿಯಲ್ಲಿ ನಾಲ್ಕು ವರ್ಷ, ಬಿವೈಯುನಲ್ಲಿ ಐದು. ಒಂದೊಂದೇ ಮೆಟ್ಟಿಲು ಹತ್ತಿದ್ದಾನೆ.

ಹುಡುಗ: ಎಷ್ಟು ವರ್ಷ ಕೊಡ್ತೀರ?

ದೊಡ್ಡಮ್ಮ: ನಾಲ್ಕು.

ಹುಡುಗ: ನಾನು ಎರಡು. ಮೊದಲನೇ ವರ್ಷ ಟೂರ್ನಿಯಲ್ಲಿ ಎರಡು ಮ್ಯಾಚು ಗೆಲ್ಲಬೇಕು. ಕಡಿಮೆ ಆದ್ರೆ ಬಿಡಲ್ಲ.

ದೊಡ್ಡಮ್ಮ: ಗಿಲಿಸ್ಪಿಗೂ ಎರಡೇ ವರ್ಷ ಕೊಟ್ಟಿದ್ದು.

ಹುಡುಗ: ಅದು ತಪ್ಪಾ?

ದೊಡ್ಡಮ್ಮ: ಇಲ್ಲ. ಅದು ಸರಿಯಾಗೇ ಇತ್ತು. ಎರಡು ವರ್ಷ ನೋಡಿದ್ವಿ, ಕಟ್ಟೋ ಕೆಲಸ ಕಾಣಲಿಲ್ಲ.

ಹುಡುಗ: ಹಾಗಾದ್ರೆ ಎರಡು ಸಾಕು ಅಂತಲೇ ಆಯ್ತಲ್ಲ.

ದೊಡ್ಡಮ್ಮ: ಎರಡು ವರ್ಷ ನೋಡೋಣ. ನೋಡಿದ ಮೇಲೆ ಇನ್ನೆರಡು ಕೊಡಬೇಕಾ ಅಂತ ಆಗ ಜಗಳ ಆಡೋಣ. ಈಗ ಆ ಅನ್ನ ಆರಿಹೋಗ್ತಿದೆ, ತಿನ್ನು. ಭಾನುವಾರ ಅವನನ್ನ ಅರೀನಾದಲ್ಲಿ ಪರಿಚಯಿಸ್ತಾರೆ ಅಂದ್ರೆ ನಾನು ಹೋಗೋಳೇ. ನೀನೇ ಕಾರು ತರಬೇಕು.